ಅಮೆರಿಕದ ಎಕ್ಸ್‌ಟೆನ್ಶನ್ ಬೋರ್ಡನ್ನು 230 ವೋಲ್ಟಿಗೆ ಸಿಕ್ಕಿಸಬೇಡಿ

ಅಮೆರಿಕದಿಂದ ರಜೆಗೆ ಊರಿಗೆ ಬರುವವರ ಸೂಟ್‌ಕೇಸಿನಲ್ಲಿ, ಅಲ್ಲಿಂದಲೇ ಲಂಡನ್, ಪ್ಯಾರಿಸ್ ನೋಡಲು ಹೊರಡುವವರ ಬ್ಯಾಗಿನಲ್ಲಿ ಆರು ಸಾಕೆಟ್ಟಿನದೊಂದು ಎಕ್ಸ್‌ಟೆನ್ಶನ್ ಬೋರ್ಡ್ ಎಷ್ಟೋ ಸಲ ಇರುತ್ತದೆ. ಪಿನ್ ಬದಲಿಸುವ ಅಡಾಪ್ಟರ್ ಒಂದಿದ್ದರೆ ಸಾಕು, ಅದಕ್ಕೆ ಬೋರ್ಡ್ ಸಿಕ್ಕಿಸಿ ಮನೆಮಂದಿಯ ಫೋನು, ಲ್ಯಾಪ್‌ಟಾಪು, ಕ್ಯಾಮೆರಾ ಎಲ್ಲವನ್ನೂ ಒಟ್ಟಿಗೆ ಚಾರ್ಜ್ ಮಾಡಿಕೊಳ್ಳಬಹುದು ಎಂಬ ಲೆಕ್ಕ. ಆದರೆ ಗೋಡೆಯ ಸ್ವಿಚ್ ಹಾಕಿದ ಕೂಡಲೇ ಢಬ್ ಎಂಬ ಸದ್ದು, ಬೋರ್ಡಿನ ಸಂದಿಯಿಂದ ಕಪ್ಪು ಹೊಗೆ, ಎಂಸಿಬಿ (ಕರೆಂಟ್ ಮಿತಿಮೀರಿ ಹರಿದರೆ ತಾನೇ ಆರುವ ಸ್ವಿಚ್) ಬಿದ್ದು ರೂಮಿನಲ್ಲಿ ಕತ್ತಲೆ. ಬೋರ್ಡ್ ಹಾಸಿಗೆಯ ಮೇಲೋ ಪರದೆಯ ಬುಡದಲ್ಲೋ ಇದ್ದರೆ ಬೆಂಕಿಯೂ ಹತ್ತಬಹುದು.

ಹೀಗೆ ಏಮಾರುವವರು ದಡ್ಡರೇನಲ್ಲ. ಚಾರ್ಜರ್ ತಿರುಗಿಸಿ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಅಂತ ಓದಿಕೊಂಡೇ ಬಂದಿರುತ್ತಾರೆ. ಬೋರ್ಡನ್ನು ಮಾತ್ರ ಯಾರೂ ತಿರುಗಿಸಿ ನೋಡುವುದಿಲ್ಲ, ಬರೀ ವೈರು ತಾನೇ ಎಂಬ ನಂಬಿಕೆ. ಅದರ ಬೆನ್ನಿನ ಮೇಲೆ ‘125 ವೋಲ್ಟ್, 15 ಆಂಪ್, 1875 ವ್ಯಾಟ್’ ಎಂದು ಅಚ್ಚಾಗಿರುತ್ತದೆ. ಅಮೆರಿಕದಲ್ಲಿ 120 ವೋಲ್ಟ್. ಭಾರತದಲ್ಲೂ ಬ್ರಿಟನ್, ಯುರೋಪಿನಲ್ಲೂ 230.

ಸುಡುವುದು ವೈರಲ್ಲ. ‘ಸರ್ಜ್ ಪ್ರೊಟೆಕ್ಟರ್’, ಅಂದರೆ ವೋಲ್ಟೇಜ್ ಏಕಾಏಕಿ ಏರಿದರೆ ಕಾಪಾಡುವಂಥದ್ದು, ಎಂದಿರುವ ಬೋರ್ಡಿನೊಳಗೆ ಲೈವ್ ಮತ್ತು ನ್ಯೂಟ್ರಲ್ ನಡುವೆ ನಾಣ್ಯದಂಥ ಒಂದು ಬಿಲ್ಲೆ ಇರುತ್ತದೆ. ಇದರ ಹೆಸರು ಎಂಒವಿ, ಒಳಗಿರುವುದು ಸತುವಿನ ಆಕ್ಸೈಡ್. ವೋಲ್ಟೇಜ್ ಮಿತಿಯಲ್ಲಿರುವತನಕ ಅದು ಸುಮ್ಮನಿರುತ್ತದೆ, ಮಿತಿ ಮೀರಿದರೆ ತಾನೇ ದಾರಿ ಬಿಟ್ಟು ಹೆಚ್ಚುವರಿಯನ್ನು ನುಂಗುತ್ತದೆ. 120 ವೋಲ್ಟಿನ ಬೋರ್ಡಿಗೆ ಸಾಮಾನ್ಯವಾಗಿ 130ರಿಂದ 150 ವೋಲ್ಟ್ ತಾಳುವ ಬಿಲ್ಲೆ ಹಾಕುತ್ತಾರೆ. ಬಿಲ್ಲೆಯ ಮೇಲೆ ‘201ಕೆ’ ಎಂದಿದ್ದರೆ ಸುಮಾರು 200 ವೋಲ್ಟಿಗೆ ಅದು ಬಾಯಿ ತೆರೆಯುತ್ತದೆ. 120, 130 ಎಂಬ ಅಂಕಿಗಳು ಒಂದು ಬಗೆಯ ಸರಾಸರಿ, ಕರೆಂಟು ಅಲೆಯಂತೆ ಏರಿಳಿಯುತ್ತದೆ. 120 ವೋಲ್ಟಿನ ಅಲೆಯ ತುದಿ 170 ಮುಟ್ಟುವುದರಿಂದ ಅಮೆರಿಕದಲ್ಲಿ ತೊಂದರೆಯಿಲ್ಲ. ನಮ್ಮ 230ರ ತುದಿ 325! ಮಿಂಚಿನ ಹೊಡೆತಕ್ಕೆಂದು ಕಾದು ಕೂತ ಬಿಲ್ಲೆಗೆ ಸೆಕೆಂಡಿಗೆ ನೂರು ಸಲ ಹೊಡೆತ. ಕೆಂಡವಾಗಿ ಸಿಡಿಯದೆ ಇನ್ನೇನು ಮಾಡೀತು? ವಿಚಿತ್ರವೆಂದರೆ, ಬೋರ್ಡಿಗೆ ಸಿಕ್ಕಿಸಿದ್ದ ದುಬಾರಿ ಲ್ಯಾಪ್‌ಟಾಪ್ ಚಾರ್ಜರಿಗೆ ಬಹಳ ಸಲ ಏನೂ ಆಗಿರುವುದಿಲ್ಲ.

ಬೆಂಗಳೂರಿನ ಹೊಸ ಹೋಟೆಲುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಇನ್ನೊಂದು ಅಪಾಯವಿದೆ. ಅಲ್ಲಿನ ಯೂನಿವರ್ಸಲ್ ಸಾಕೆಟ್ಟಿಗೆ ಅಮೆರಿಕದ ಚಪ್ಪಟೆ ಪಿನ್ ಅಡಾಪ್ಟರೇ ಇಲ್ಲದೆ ನೇರವಾಗಿ ಕೂರುತ್ತದೆ. ಪಿನ್ ಕೂತಿತೆಂದರೆ ವೋಲ್ಟೇಜ್ ಹೊಂದಿತು ಅಂತಲ್ಲ. ಅಡಾಪ್ಟರೂ ಅಷ್ಟೇ: ಪಿನ್ನಿನ ಆಕಾರ ಬದಲಿಸುತ್ತದೆ, 230 ವೋಲ್ಟನ್ನು ಹಾಗೇ ದಾಟಿಸುತ್ತದೆ.

ಹೊಗೆ ಬಂದೇಬಿಟ್ಟರೆ ಬೋರ್ಡಿಗೆ ಕೈ ಹಾಕಬೇಡಿ, ನೀರು ಎರಚಬೇಡಿ. ಭಾರತ, ಬ್ರಿಟನ್ನಿನ ಸಾಕೆಟ್ಟುಗಳಿಗೆ ಸಾಮಾನ್ಯವಾಗಿ ಸ್ವಿಚ್ ಇರುತ್ತದೆ, ಮೊದಲು ಅದನ್ನು ಆರಿಸಿ. ಯುರೋಪಿನ ಹೆಚ್ಚಿನ ಕಡೆ ಸ್ವಿಚ್ ಇರುವುದಿಲ್ಲ, ಅಲ್ಲಿ ಎಂಸಿಬಿಯನ್ನೇ ಇಳಿಸಬೇಕು; ಹೋಟೆಲಾದರೆ ರಿಸೆಪ್ಶನ್‌ಗೆ ಫೋನ್ ಮಾಡಿ. ಪ್ಲಗ್ ಕಳಚುವ ಮುಂಚೆ ಎಂಸಿಬಿ ಎತ್ತಬೇಡಿ. ಒಮ್ಮೆ ಢಬ್ ಎಂದ ಬೋರ್ಡ್ ಅಮೆರಿಕಕ್ಕೆ ಮರಳಿದ ಮೇಲೆ ದೀಪ ಹತ್ತಿಸಿಕೊಂಡು ಕೆಲಸ ಮಾಡಿದರೂ ಎಸೆಯಿರಿ. ಒಳಗಿನ ರಕ್ಷಣೆ ಸತ್ತಿರುತ್ತದೆ.

ನಮ್ಮ ಸಲಹೆ, ಬೋರ್ಡನ್ನೇ ಒಯ್ಯಬೇಡಿ. ಮೂರ್ನಾಲ್ಕು ಯುಎಸ್‌ಬಿ ಕಿಂಡಿಗಳಿರುವ, 100–240 ವೋಲ್ಟ್ ಎಂದು ಬರೆದಿರುವ 65 ವ್ಯಾಟಿನ ಒಂದೇ ಚಾರ್ಜರ್, ಜೊತೆಗೆ ಒಂದು ಪಿನ್ ಅಡಾಪ್ಟರ್ ಇದ್ದರೆ ಲ್ಯಾಪ್‌ಟಾಪೂ ಫೋನೂ ರಾತ್ರಿಯಲ್ಲಿ ಮುಗಿಯುತ್ತವೆ. 65 ವ್ಯಾಟ್ ಎಲ್ಲ ಕಿಂಡಿಗಳಿಗೂ ಹಂಚಿಹೋಗುತ್ತದೆ ಎಂಬುದು ನೆನಪಿರಲಿ. ಬೋರ್ಡ್ ಬೇಕೇ ಬೇಕೆಂದರೆ ಸರ್ಜ್ ರಕ್ಷಣೆ ಇಲ್ಲದ, 250 ವೋಲ್ಟ್ ಎಂದು ಅಚ್ಚಾಗಿರುವುದನ್ನು ಕೊಳ್ಳಿ. ಇಲ್ಲಿಂದ ಅಮೆರಿಕಕ್ಕೆ ನಮ್ಮ ಸ್ಪೈಕ್ ಬಸ್ಟರ್ (ಸರ್ಜ್ ರಕ್ಷಣೆಯ ಬೋರ್ಡ್) ಒಯ್ದರೆ ಅದು ಸುಡುವುದಿಲ್ಲ. ಆದರೆ ಅದರ ಬಿಲ್ಲೆ ಎಚ್ಚರಾಗುವುದು 230ಕ್ಕೂ ಮೇಲೆ, ಹಾಗಾಗಿ 120ರಲ್ಲಿ ಕಾಪಾಡುವುದೂ ಅಷ್ಟಕ್ಕಷ್ಟೆ.

230 ವೋಲ್ಟನ್ನು 120ಕ್ಕೆ ಇಳಿಸುವ ‘ಕನ್ವರ್ಟರ್ ಇದೆಯಲ್ಲ’ ಎನ್ನುವವರಿಗೆ: ಅಂಗೈಯಗಲದ, ಹಗುರಾದ, ‘1600 ವ್ಯಾಟ್’ ಎಂಬ ಕನ್ವರ್ಟರುಗಳು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ. ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆಯಂಥ ಬರೀ ಬಿಸಿಯಾಗುವ ಸಾಮಾನಿಗೆ ಅದು ನಡೆಯುತ್ತದೆ, ಚಾರ್ಜರಿಗಲ್ಲ. ಅಮೆರಿಕದ ಡ್ರೈಯರನ್ನು ಕನ್ವರ್ಟರ್ ಇಲ್ಲದೆ 230ಕ್ಕೆ ಸಿಕ್ಕಿಸಿದರೆ ಹೆಚ್ಚುಕಡಿಮೆ 3.7 ಪಟ್ಟು ವಿದ್ಯುತ್ ಎಳೆಯುತ್ತದೆ. 1000 ವ್ಯಾಟಿನದು 3600 ದಾಟುತ್ತದೆ.

ಬ್ರಿಟನ್ನಿನ ಹೋಟೆಲುಗಳ ಬಚ್ಚಲಲ್ಲಿ ‘ಶೇವರ್ಸ್ ಓನ್ಲಿ’ ಎಂಬ ಸಾಕೆಟ್ಟಿನ ಮೇಲೆ 115 ವೋಲ್ಟ್ ಎಂದೂ ಬರೆದಿರುತ್ತದೆ. ಅದನ್ನು ಕಂಡು ಬೋರ್ಡಿಗೆ ಜಾಗ ಸಿಕ್ಕಿತೆಂದು ಹಿಗ್ಗಬೇಡಿ. ಅದರ ಹಿಂದಿರುವುದು ಶೇವರ್, ಹಲ್ಲುಜ್ಜುವ ಬ್ರಷ್ಷಿಗೆ ಸಾಲುವಷ್ಟು ಪುಟ್ಟ ಟ್ರಾನ್ಸ್‌ಫಾರ್ಮರ್. ಲ್ಯಾಪ್‌ಟಾಪ್ ಹಾಕಿದರೆ ಅದು ಬಿಸಿಯಾಗಿ ಕೈ ಚೆಲ್ಲುತ್ತದೆ.