ಜೋಡಿನ ಗೆರೆ ಇಲ್ಲದ ನೆಲ: ಎಪಾಕ್ಸಿ, ರೆಡ್ ಆಕ್ಸೈಡ್, ಮೈಕ್ರೋಸಿಮೆಂಟ್ ಮೂರೂ ಹಾಕಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೈಕ್ರೋಸಿಮೆಂಟಿಗೆ, ಅಂದರೆ ಕರಣೆಯಲ್ಲಿ ತೆಳ್ಳಗೆ ಎಳೆಯುವ ಸಿಮೆಂಟ್ ಪದರಕ್ಕೆ. ಮನೆಯ ಹಾಲಿಗೆ ಎಪಾಕ್ಸಿ (ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ರಾಳ) ಹಾಕಿಸಿ, ಎರಡು ವರ್ಷ ತುಂಬುವ ಮೊದಲೇ ಅದನ್ನು ಕೆಳಗಿನ ಕಾಂಕ್ರೀಟ್ ಸಮೇತ ಒಡೆಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ನಮ್ಮ ಕಡೆ ದೊಡ್ಡ ಮನೆ ಕಟ್ಟಿಸುವ ಎಲ್ಲರೂ ಈಗ ಗೆರೆ ಇಲ್ಲದ ನೆಲ ಕೇಳುತ್ತಾರೆ. ನಮಗಾದ ನಷ್ಟ ಅವರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರ. ದ್ರಾಕ್ಷಿ ತೋಟ ಇದೆ, ಮಣೂಕ (ಒಣದ್ರಾಕ್ಷಿ) ಮಾಡುತ್ತೇವೆ. ನಾಲ್ಕು ವರ್ಷ ಬೆಳೆ ಚೆನ್ನಾಗಿ ಬಂದ ಮೇಲೆ ಸೊಲ್ಲಾಪುರ ರಸ್ತೆಯ ಕಡೆ ಮನೆ ಕಟ್ಟಿಸಿದೆವು. ಟೈಲ್ಸ್ ಬೇಡ ಅಂದವಳು ನಾನೇ. ಹಳೇ ಮನೆಯಲ್ಲಿ ಬೇಸಿಗೆಯ ಧೂಳು, ಬೋರ್‌ವೆಲ್‌ನ ಗಡಸು ನೀರು ಸೇರಿ ಟೈಲ್ಸ್ ಸಂದಿ ವರ್ಷದೊಳಗೆ ಕಪ್ಪಾಗುತ್ತಿತ್ತು. ಬ್ರಷ್ ಹಿಡಿದು ತಿಕ್ಕಿ ತಿಕ್ಕಿ ಸಾಕಾಗಿತ್ತು. ನಮ್ಮ ಮನೆಯಲ್ಲಿ ಈಗಲೂ ನೆಲದ ಮೇಲೆ ಕೂತೇ ಊಟ. ಅತ್ತೆ ರೊಟ್ಟಿ ಬಡಿಯುವುದೂ ನೆಲದ ಮೇಲೆಯೇ. ನೆಲ ನಮಗೆ ಬರೀ ನಡೆಯುವ ಜಾಗ ಅಲ್ಲ.

ಹಾಲು ಸುಮಾರು 600 ಚದರ ಅಡಿ. ಎಪಾಕ್ಸಿ ಚದರ ಅಡಿಗೆ 110 ರೂಪಾಯಿಗೆ ಕುದುರಿತು. ಕೆನೆ ಬಣ್ಣ, ಕನ್ನಡಿಯಂಥ ಹೊಳಪು. ಗೃಹಪ್ರವೇಶಕ್ಕೆ ಬಂದವರೆಲ್ಲ ಬಗ್ಗಿ ಮುಟ್ಟಿ ನೋಡಿದರು. ಒಂದು ಗೆರೆ ಇಲ್ಲ, ಒಂದು ಜೋಡು ಇಲ್ಲ. ಮೊದಲ ಮಳೆಗಾಲ ಸುಮ್ನೆ ಕಳೆಯಿತು, ಆ ವರ್ಷ ಮಳೆಯೇ ಕಡಿಮೆ. ನನಗೂ ತುಂಬಾ ಖುಷಿ ಇತ್ತು.

ಎರಡನೇ ವರ್ಷ ಸೆಪ್ಟೆಂಬರ್‌ನಲ್ಲಿ, ನಮ್ಮ ಕಡೆ ಮಳೆ ಜಾಸ್ತಿ ಬೀಳುವ ತಿಂಗಳಲ್ಲಿ, ರಾತ್ರಿ ನೀರು ಕುಡಿಯಲು ಎದ್ದಾಗ ಅಂಗಾಲಿಗೆ ಹೆಸರುಕಾಳಿನಷ್ಟು ಏನೋ ತಗುಲಿತು. ಕಸ ಇರಬೇಕು ಅಂತ ಒರೆಸಿದೆ, ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ ನೆಲವೇ ಉಬ್ಬಿದೆ. ವಾರದಲ್ಲಿ ಅಂಥವು ಹತ್ತು ಹನ್ನೆರಡು ಎದ್ದವು. ದೀಪಾವಳಿ ಹೊತ್ತಿಗೆ ಕೆಲವು ರೂಪಾಯಿ ನಾಣ್ಯದಷ್ಟು ದೊಡ್ಡದಾಗಿದ್ದವು. ಒಂದನ್ನು ಸೂಜಿಯಿಂದ ಚುಚ್ಚಿದೆ. ಒಳಗಿಂದ ನೀರು ಬಂತು. ಬೆರಳಿಗೆ ಸೋಪಿನ ನೀರಿನ ಹಾಗೆ ಜಾರುತ್ತಿತ್ತು.

ಹಾಕಿದವರನ್ನು ಕರೆಸಿದೆವು. ನೀವು ನೆಲ ಒರೆಸುವಾಗ ನೀರು ಜಾಸ್ತಿ ಹಾಕಿದ್ದೀರಿ ಅಂದರು. ಗುಳ್ಳೆ ಎದ್ದ ಕಡೆ ಕತ್ತರಿಸಿ ಹೊಸದಾಗಿ ಸುರಿದು ಹೋದರು. ತೇಪೆಯ ಬಣ್ಣ ಬೇರೆಯಾಯಿತು. ಅದರ ಪಕ್ಕದಲ್ಲೇ ಮತ್ತೆ ಗುಳ್ಳೆ ಎದ್ದಿತು. ಎರಡನೇ ಸಲ ಫೋನ್ ಎತ್ತಲಿಲ್ಲ. ನಾನಂತೂ ಮನೆಗೆಲಸದವಳಿಗೆ ಬಕೆಟ್ ಮುಟ್ಟಬೇಡ ಅಂತ ಎರಡು ತಿಂಗಳು ಬೈದೆ. ಅವಳದೇನೂ ತಪ್ಪಿರಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಕಾರಣ ಹೇಳಿದವರು ನಮ್ಮ ಹಳೇ ಮನೆ ಕಟ್ಟಿದ ಗೌಂಡಿ ಕಾಕಾ. ಕೂತು, ನೆಲದ ಮೇಲೆ ಕೈಯಾಡಿಸಿ, ಒಂದೇ ಮಾತು ಕೇಳಿದರು. "ಅಕ್ಕಾರ, ಕಾಂಕ್ರೀಟ್ ಕೆಳಗ ಪ್ಲಾಸ್ಟಿಕ್ ತಾಡಪತ್ರಿ ಹಾಸಿರೇನು?" ಇಲ್ಲ ಅಂದೆ. "ಹಂಗಾರ ನೀರು ಮ್ಯಾಲಿಂದ ಅಲ್ಲ, ಕೆಳಗಿಂದ ಬರಾಕತ್ತದ. ಎರಿ ಭೂಮಿ ಇದು. ನೀರು ಹಿಡಕೊಂಡು ಕುಂದ್ರತದ" ಅಂದರು.

ಎರೆ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹೊಲ ನೋಡಿದ ಎಲ್ಲರಿಗೂ ಇದು ಗೊತ್ತು. ಮನೆಯ ಕೆಳಗೂ ಅದೇ ಮಣ್ಣು ತಾನೆ? ಅದರ ಮೇಲೆ ಗರಸು ತುಂಬಿ, ನಾಲ್ಕು ಇಂಚು ಕಾಂಕ್ರೀಟ್ ಹಾಕಿರುತ್ತೇವೆ. ಕಾಂಕ್ರೀಟ್ ಕಲ್ಲಿನ ಹಾಗೆ ಕಂಡರೂ ಒಳಗೆ ಸಣ್ಣ ಸಣ್ಣ ರಂಧ್ರ ಇರುತ್ತವೆ. ಹಣತೆಯ ಬತ್ತಿ ಎಣ್ಣೆ ಎಳೆದ ಹಾಗೆ ಅದು ಕೆಳಗಿನ ತೇವ ಎಳೆಯುತ್ತದೆ. ಮೇಲೆ ಟೈಲ್ಸ್ ಇದ್ದರೆ ಆ ತೇವ ಸಂದಿಯಲ್ಲಿ ಸ್ವಲ್ಪ ಸ್ವಲ್ಪವೇ ಆರಿಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಎಪಾಕ್ಸಿ ಅಂದರೆ ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ. ತೇವಕ್ಕೆ ಹೋಗಲು ದಾರಿಯೇ ಇಲ್ಲ. ಅದು ಅಡಿಯಲ್ಲಿ ಸೇರಿ, ಸಿಮೆಂಟಿನ ಕ್ಷಾರ ಬೆರೆತು, ಒತ್ತಿ ಒತ್ತಿ ಗುಳ್ಳೆ ಎಬ್ಬಿಸುತ್ತದೆ. ನನ್ನ ಬೆರಳಿಗೆ ಜಾರಿದ್ದು ಆ ಕ್ಷಾರದ ನೀರು.

ಕಾಂಕ್ರೀಟ್ ಹಾಕುವ ಮೊದಲು 250 ಮೈಕ್ರಾನ್ (ಕಾಲು ಮಿಲಿಮೀಟರ್) ದಪ್ಪದ ಪಾಲಿಥಿನ್ ಹಾಳೆ ಹಾಸಬೇಕಿತ್ತು. ನಮ್ಮ ಹಾಲಿಗೆ ಅದರ ಖರ್ಚು ಮೂರು ಸಾವಿರದೊಳಗೆ ಮುಗಿಯುತ್ತಿತ್ತು. ಒಡೆದು, ಕಲ್ಲು ಸಾಗಿಸಿ, ಹಾಳೆ ಹಾಸಿ, ಮತ್ತೆ ಕಾಂಕ್ರೀಟ್ ಹಾಕಲು ಸುಮಾರು 70 ಸಾವಿರ ಹೋಯಿತು. ಎಪಾಕ್ಸಿಯ 66 ಸಾವಿರ ಬೇರೆ ಮುಳುಗಿತು.

ಮನೆ ಆಗಲೇ ಕಟ್ಟಿದ್ದರೆ ಒಂದು ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಯನ್ನು ಬರಿ ಕಾಂಕ್ರೀಟ್ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ. ಕಡಿಮೆ ಅಂದರೂ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಒಳಗೆ ಹನಿ ಕಂಡರೆ, ಇಲ್ಲಾ ಕಾಂಕ್ರೀಟ್ ಕಪ್ಪಗಾಗಿದ್ದರೆ, ತೇವ ಬರುತ್ತಿದೆ. ದಯವಿಟ್ಟು ಇದನ್ನು ಮಳೆಗಾಲದಲ್ಲಿ ಮಾಡಿ. ಏಪ್ರಿಲ್‌ನ ಬಿಸಿಲಿನಲ್ಲಿ ಎಂಥ ನೆಲವೂ ಒಣಗಿದಂತೆಯೇ ಕಾಣುತ್ತದೆ. ನಮ್ಮದನ್ನೂ ಏಪ್ರಿಲ್‌ನಲ್ಲೇ ಹಾಕಿದ್ದರು.

ಎಪಾಕ್ಸಿಯ ಉಳಿದ ದೂರು ಚಿಕ್ಕವು. ಪಶ್ಚಿಮದ ಕಿಟಕಿಯ ಹತ್ತಿರ ಬಿಸಿಲಿಗೆ ಹಳದಿಯಾಯಿತು. ಜಮಖಾನೆ ಎತ್ತಿದರೆ ಅದರ ಆಕಾರದಷ್ಟೇ ಜಾಗ ಕೆನೆ ಬಣ್ಣದಲ್ಲಿ ಉಳಿದಿತ್ತು. ಅಲ್ಲೇ ಸೋಫಾದ ಕಾಲು ಊರಿ ಗುಳಿ ಬಿದ್ದಿತ್ತು, ಕಾದಾಗ ಎಪಾಕ್ಸಿ ಸ್ವಲ್ಪ ಮೆತ್ತಗಾಗುತ್ತದೆ. ಬೆಳಿಗ್ಗೆ ಬಿಸಿಲೇರುವಾಗ ಸುರಿದಿದ್ದರಿಂದ ಕಾಂಕ್ರೀಟಿನ ಒಳಗಿನ ಗಾಳಿ ಮೇಲೆದ್ದು ಸೂಜಿ ಚುಚ್ಚಿದಂಥ ತೂತುಗಳೂ ಆಗಿದ್ದವು. ಈ ಕೆಲಸವನ್ನು ಸಂಜೆ, ನೆಲ ತಣಿಯುವಾಗ ಮಾಡಬೇಕಂತೆ. ಬಿಸಿಲು ಬೀಳದ ಗ್ಯಾರೇಜು, ಗೋಡೌನಿಗೆ ಎಪಾಕ್ಸಿ ಒಳ್ಳೆಯದೇ. ಗ್ಯಾರೇಜಿನ ಕೆಳಗೂ ಹಾಳೆ ಬೇಕು, ಅಷ್ಟೆ.

ರೆಡ್ ಆಕ್ಸೈಡ್ ಅತ್ತೆಯ ಆಸೆ. ಪಡಸಾಲೆಗೂ ದೇವರ ಕೋಣೆಗೂ ಹಾಕಿಸಿದೆವು, ಚದರ ಅಡಿಗೆ 130 ರೂಪಾಯಿ. ಇದು ಪ್ರಾಮಾಣಿಕ ನೆಲ. ಸಿಮೆಂಟಿಗೆ ಬೆರೆಸುವ ಆ ಕೆಂಪು ಪುಡಿ ಕಬ್ಬಿಣದ ತುಕ್ಕಿನ ಜಾತಿಯದು, ಬಿಸಿಲಿಗೆ ಬಣ್ಣ ಬಿಡುವುದಿಲ್ಲ. ಮೇಲೆ ಪ್ಲಾಸ್ಟಿಕ್ ಪದರ ಇಲ್ಲ, ಹಾಗಾಗಿ ಕೆಳಗಿನ ತೇವ ಆರಿಹೋಗುತ್ತದೆ. ಪಡಸಾಲೆಯ ಅಡಿಗೂ ಹಾಳೆ ಇಲ್ಲ, ಆದರೂ ಒಂದು ಗುಳ್ಳೆ ಎದ್ದಿಲ್ಲ. ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಹೊಳಪು ಏರುತ್ತಲೇ ಇರುತ್ತದೆ.

ಹಾಗಾದರೆ ಮನೆಗೆಲ್ಲ ಅದನ್ನೇ ಯಾಕೆ ಹಾಕಿಸಲಿಲ್ಲ? ಒಂದು, ಗೆರೆ. ಸಿಮೆಂಟ್ ಒಣಗುವಾಗ ಕುಗ್ಗುತ್ತದೆ. ಅದಕ್ಕೆ ನಾಲ್ಕು ಅಡಿಗೊಂದು ಗಾಜಿನ ಪಟ್ಟಿ ಕೊಟ್ಟು ಚೌಕ ಮಾಡಲೇಬೇಕು. ಕೊಡದಿದ್ದರೆ ತನಗೆ ಬೇಕಾದ ಕಡೆ ಸೀಳುತ್ತದೆ. ಎರಡು, ನೀರು. ಹತ್ತು ದಿನ ಗೋಣಿ ತಾಟು ಹಾಸಿ ನೆನೆಸಬೇಕು. ನಾವು ಬೋರ್‌ವೆಲ್ ನೀರು ಹೊಡೆದೆವು, ಒಣಗಿದ ಮೇಲೆ ಉಪ್ಪು ಮೇಲೆದ್ದು ಬೂದಿ ಬಳಿದಂತೆ ಬಿಳಿ ಕಲೆ ಕೂತಿತು. ದೇವರ ಕೋಣೆಗೆ ಸಿಹಿನೀರು ತರಿಸಿದೆವು, ಅಲ್ಲಿ ಕಲೆ ಇಲ್ಲ. ಮೂರು, ಗೌಂಡಿ. ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ತರುವ ಕೈ ಈಗ ಸಿಗುವುದು ಕಷ್ಟ. ನಮ್ಮ ಕಾಕಾಗೆ ವಯಸ್ಸಾಗಿದೆ, 200 ಚದರ ಅಡಿ ಮುಗಿಸುವಷ್ಟರಲ್ಲಿ ಮೊಣಕಾಲು ನೋವು ಬಂತು. ಅವರಿಂದ ಇಡೀ ಮನೆ ಮಾಡಿಸುವ ಮನಸ್ಸಾಗಲಿಲ್ಲ.

ಇನ್ನು ಮೈಕ್ರೋಸಿಮೆಂಟ್. ಮೊದಲು ಹಾಕಿಸಿದ್ದು ಮೇಲಿನ ಎರಡು ಕೋಣೆಗೆ, ಬಚ್ಚಲಿಗೆ. ಎಪಾಕ್ಸಿ ಒಡೆದ ಮೇಲೆ ಹಾಲಿಗೂ ಅದೇ. ಚದರ ಅಡಿಗೆ 280 ರೂಪಾಯಿ. ಜಾಸ್ತಿಯೇ, ಮುಚ್ಚಿಡುವುದೇನಿಲ್ಲ. ಸಣ್ಣ ಪುಡಿಯ ಸಿಮೆಂಟಿಗೆ ಪಾಲಿಮರ್ ಮತ್ತು ಬಣ್ಣ ಕಲಸಿ, ಕರಣೆಯಲ್ಲಿ ಪದರ ಪದರವಾಗಿ ಎಳೆಯುತ್ತಾರೆ. ಎಲ್ಲ ಸೇರಿ ದಪ್ಪ 2ರಿಂದ 3 ಮಿಲಿಮೀಟರ್. ಹಳೇ ಟೈಲ್ಸ್ ಗಟ್ಟಿಯಾಗಿದ್ದರೆ ಅದರ ಮೇಲೆಯೇ ಎಳೆಯಬಹುದು, ಬಾಗಿಲು ಕೆಳಗೆ ಕೊರೆಯಬೇಕಿಲ್ಲ. ಕೈಯಿಂದ ಎಳೆದಿದ್ದು ಕಾಣುತ್ತದೆ. ಒಂದು ಕಡೆ ಸ್ವಲ್ಪ ತಿಳಿ, ಒಂದು ಕಡೆ ಸ್ವಲ್ಪ ಗಾಢ, ಮಳೆ ಬರುವ ಮುಂಚಿನ ಮೋಡದ ಹಾಗೆ. ಹೊಳಪು ಬೇಡ ಅಂದೆ. ನಮ್ಮೂರ ಮಧ್ಯಾಹ್ನದ ಬಿಸಿಲಿಗೆ ಹೊಳೆಯುವ ನೆಲ ಕಣ್ಣು ಕುಕ್ಕುತ್ತದೆ, ಅಲ್ವಾ?

ಒಂದು ವಿಷಯ ಮಾರುವವರು ಹೇಳುವುದಿಲ್ಲ. ಇದರ ಮೇಲೂ ಕೊನೆಗೆ ಪಾಲಿಯುರೆಥೇನ್ ಸೀಲರ್, ಅಂದರೆ ನೀರು ಇಳಿಯದಂತೆ ಬಳಿಯುವ ಪ್ಲಾಸ್ಟಿಕ್ ಪದರ, ಬರುತ್ತದೆ. ಅದೂ ಮುಚ್ಚಳವೇ. ಅಡಿಯಲ್ಲಿ ತೇವ ಇದ್ದರೆ ಇದೂ ಏಳುತ್ತದೆ. ಅದಕ್ಕೇ ನಾವು ಎಪಾಕ್ಸಿ ಕೆರೆದು ಅದರ ಮೇಲೆ ಇದನ್ನು ಎಳೆಯಲಿಲ್ಲ. ಕಾಂಕ್ರೀಟ್ ತೆಗೆದು, ಹಾಳೆ ಹಾಸಿ, ಹೊಸದಾಗಿ ಹಾಕಿದೆವು. ಅದು ಆರಲು ಕನಿಷ್ಠ 28 ದಿನ ಬಿಡಿ ಅಂದಿದ್ದರು, ನಾನು ಎರಡೂವರೆ ತಿಂಗಳು ಕಾದೆ. ಮಹಡಿಯಲ್ಲಿ ಈ ಚಿಂತೆ ಇಲ್ಲ, ಅಲ್ಲಿ ಅಡಿಯಲ್ಲಿ ಮಣ್ಣೇ ಇಲ್ಲ.

ಬಿರುಕು ಒಂದೇ ಒಂದು ಬಂದಿದೆ, ಮಲಗುವ ಕೋಣೆಯ ಹೊಸ್ತಿಲಲ್ಲಿ, ಕೂದಲೆಳೆಯಷ್ಟು. 10 ಮೀಟರ್ ಉದ್ದದ ಕಾಂಕ್ರೀಟ್ 30 ಡಿಗ್ರಿ ಬಿಸಿಯಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಮೇಲಿನ ಪದರದ ದಪ್ಪವೇ ಅಷ್ಟು. ಕೆಳಗಿನದು ಎಲ್ಲಿ ಅಲುಗುತ್ತದೋ ಅಲ್ಲಿ ಮೇಲಿನದು ಸೀಳುತ್ತದೆ. ಒಳಗೆ ಫೈಬರ್ ಜಾಲರಿ ಇಟ್ಟರೂ ಎಲ್ಲವನ್ನೂ ತಡೆಯದು. ಹಾಗಾಗಿ ಹಾಲಿನಲ್ಲಿ ಪ್ರತಿ ಬಾಗಿಲಿಗೆ ತೆಳ್ಳನೆಯ ಹಿತ್ತಾಳೆ ಪಟ್ಟಿ ಕೊಡಿಸಿದೆ. ಗೆರೆ ಇಲ್ಲದ ನೆಲದಲ್ಲಿ ಗೆರೆ ಬಂತು, ನಿಜ. ಆದರೆ ಅದು ನಾನು ಹೇಳಿದ ಜಾಗದಲ್ಲಿದೆ, ನೋಡಲೂ ಚಂದ.

ಅರಿಶಿಣದ ಬಗ್ಗೆ ಎಲ್ಲರೂ ಕೇಳುತ್ತಾರೆ. ತಕ್ಷಣ ಒರೆಸಿದರೆ ಹೋಗುತ್ತದೆ. ನಾದಿನಿಯ ಸೀಮಂತದ ದಿನ ರಾತ್ರಿಯಿಡೀ ಉಳಿದು ಹಳದಿ ಕಲೆ ಕೂತಿತ್ತು. ಕಿಟಕಿಯ ಬಿಸಿಲು ಬೀಳುವ ಜಾಗ, ಹತ್ತು ಹದಿನೈದು ದಿನದಲ್ಲಿ ತಾನೇ ಮಾಸಿತು. ಬಚ್ಚಲಿಗೆ ಆಸಿಡ್ ಮಾತ್ರ ಮುಟ್ಟಿಸಬೇಡಿ. ಕೆಲವು ವರ್ಷಕ್ಕೊಮ್ಮೆ ಸೀಲರ್ ಮತ್ತೆ ಬಳಿಸಬೇಕು, ಆ ಖರ್ಚು ಲೆಕ್ಕದಲ್ಲಿರಲಿ. ಕೆಲಸ ಮಾಡಿಸುವುದಾದರೆ ಚಳಿಗಾಲದಲ್ಲಿ ಮಾಡಿಸಿ. 40 ಡಿಗ್ರಿ ದಾಟಿದ ದಿನ ಕರಣೆ ಎಳೆಯುವ ಮೊದಲೇ ಕಲಸಿದ್ದು ಗಟ್ಟಿಯಾಗುತ್ತದೆ. ನಮ್ಮ ಹಾಲಿಗೆ ಜನವರಿಯಲ್ಲಿ ಎಳೆದರು, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ.

ತಂಪು ಅಂತ ಯಾರಾದರೂ ಮಾರಿದರೆ ನಂಬಬೇಡಿ. 3 ಮಿಲಿಮೀಟರ್ ಪದರ ಮನೆ ತಂಪು ಮಾಡುವುದಿಲ್ಲ. ಕಾಲಿಗೆ ತಂಪು ಅನ್ನಿಸುವುದು ಅಡಿಯ ಕಾಂಕ್ರೀಟು ಮತ್ತು ಮಣ್ಣಿನಿಂದ. ಮಹಡಿಯ ಕೋಣೆಯ ಸೆಕೆ ಇಳಿದಿದ್ದು ಮಾಳಿಗೆಯ ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿದ ಮೇಲೆ. ಅಂಗಳಕ್ಕೆ ಶಹಾಬಾದ್ ಕಲ್ಲಿನ ಪರಸಿಯೇ ಸಾಕು.

ಗೋಡೆಗೆ ನಾನು ಮೈಕ್ರೋಸಿಮೆಂಟ್ ಹಾಕಿಸಲಿಲ್ಲ, ಸುಣ್ಣದ ಗಾರೆ ಮಾಡಿಸಿದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ, ಗೋಡೆಯ ತೇವವನ್ನೂ ಆರಲು ಬಿಡುತ್ತದೆ. 17ನೇ ಶತಮಾನದ ಇಬ್ರಾಹಿಂ ರೋಜಾ, ಗೋಲ ಗುಮ್ಮಟ ಎರಡೂ ಊರಲ್ಲೇ ಇರುವಾಗ ಸುಣ್ಣ ಎಷ್ಟು ಬಾಳುತ್ತದೆ ಅಂತ ನಾನು ಬೇರೆಯವರನ್ನು ಕೇಳಬೇಕಾಗಿರಲಿಲ್ಲ. ಅಡುಗೆಮನೆಯ ಗೋಡೆಗೆ ಮಾತ್ರ ಬೇಡ, ನಿಂಬೆ, ಹುಣಸೆಯ ಹುಳಿ ತಾಗಿದರೆ ಕಲೆ ಉಳಿಯುತ್ತದೆ.

ಬಜೆಟ್ ಚದರ ಅಡಿಗೆ 150 ರೂಪಾಯಿಯೊಳಗೆ ಇದ್ದು, ಒಳ್ಳೆಯ ಗೌಂಡಿ ಸಿಕ್ಕರೆ, ನೆಲದ ಮಹಡಿಗೆ ರೆಡ್ ಆಕ್ಸೈಡ್ ಹಾಕಿಸಿ. ಗೆರೆ ಇದ್ದರೂ ಕಣ್ಣು ಮುಚ್ಚಿ ಹಾಕಿಸಿ. 280 ಕೊಡಲು ಆಗುತ್ತದೆ, ಕಾಯುವ ತಾಳ್ಮೆಯೂ ಇದೆ ಅಂದರೆ ಮೈಕ್ರೋಸಿಮೆಂಟ್. ನಮ್ಮ ಹಾಗೆ ಬರಿಗಾಲಲ್ಲಿ ಓಡಾಡಿ, ನೆಲದ ಮೇಲೆ ಕೂತು ಉಣ್ಣುವವರಿಗೆ ಅದರ ಮೇಲೆ ಕೈಯಾಡಿಸುವ ಸುಖವೇ ಬೇರೆ. ಅತ್ತೆ ಮೊದಲ ದಿನ "ಇದೇನು ಹಸಿ ಸಿಮೆಂಟ್ ಹಂಗ ಕಾಣತದ" ಅಂದಿದ್ದರು. ಈಗ ಸಂಜೆ ಹಾಲಿನಲ್ಲೇ ಕೂತು ಬತ್ತಿ ಹೊಸೆಯುತ್ತಾರೆ.

ನನ್ನ ತಮ್ಮ ಬಾಗಲಕೋಟೆಯಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಹಾಲಿಗೆ ಎಪಾಕ್ಸಿ ಅಂತ ಮುಂಗಡ ಕೊಡಲು ಹೊರಟಿದ್ದ. ಕಳೆದ ತಿಂಗಳು ಮಳೆ ಬಿದ್ದ ವಾರ ನಾನೇ ಹಾಳೆ, ಟೇಪ್ ತಗೊಂಡು ಹೋಗಿ, ಸಂಜೆ ಅಂಟಿಸಿ, ಅಲ್ಲೇ ಉಳಿದೆ. ಮರುದಿನ ಊಟದ ಹೊತ್ತಿಗೆ ಇಬ್ಬರೂ ಕೂತು ಬಿಚ್ಚಿದೆವು. ಹಾಳೆಯ ಒಳಮೈ ಪೂರ್ತಿ ಹನಿ ಹನಿ. ಅವನು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಅಕ್ಕಾ, ನಿಮ್ಮ ಗೌಂಡಿ ಕಾಕಾನ ನಂಬರ್ ಕೊಡು" ಅಂದ.