ಗ್ರೌಸ್ ಬೇಟೆಯ ತೋಟಾಕ್ಕೆ ಯಾವ ವಾಡ್? ರಟ್ಟು-ಫೆಲ್ಟೋ, ಪ್ಲಾಸ್ಟಿಕ್ಕೋ

ವಾಡ್ ಅಂದರೆ ತೋಟಾದೊಳಗೆ ಮದ್ದಿಗೂ ಚರೆಗೂ (ಹಕ್ಕಿ ಹೊಡೆಯುವ ಸಣ್ಣ ಗುಂಡುಗಳಿಗೂ) ನಡುವೆ ಕೂರುವ ಅಡ್ಡ. ಮೊದಲೇ ಹೇಳಿಬಿಡುತ್ತೇನೆ. ಗ್ರೌಸ್ ಮತ್ತು ವುಡ್‌ಕಾಕ್ ಎಂಬ ಕಾಡುಹಕ್ಕಿಗಳ ಬೇಟೆಗೆ ನಾನೀಗ ಮನೆಯಲ್ಲಿ ತುಂಬುವ ತೋಟಾಗಳಲ್ಲಿ ರಟ್ಟು ಮತ್ತು ಫೆಲ್ಟಿನ ವಾಡ್ ಬಿಟ್ಟು ಬೇರೇನೂ ಹಾಕುವುದಿಲ್ಲ. ಪ್ಲಾಸ್ಟಿಕ್ ವಾಡ್ ತುಂಬಿ ನೋಡಿದ್ದೇನೆ. ಅಂಗಡಿಯಲ್ಲಿ ಸಿಗುವ ಫೈಬರ್ (ನಾರಿನ) ವಾಡ್ ತೋಟಾ ತಂದು ಹೊಡೆದೂ ನೋಡಿದ್ದೇನೆ. ಅವೆರಡೂ ಕೆಟ್ಟವಲ್ಲ. ಆದರೆ ಅಮೆರಿಕದ ಉತ್ತರ ಮಿನ್ನೆಸೋಟಾದ ಆಸ್ಪೆನ್ ಮರಗಳ ಪೊದೆಗಳಲ್ಲಿ ಹಳೆ ಜೋಡುನಳಿಗೆ ಕೋವಿ ಹಿಡಿದು ನಡೆಯುವವರಿಗೆ ರಟ್ಟು-ಫೆಲ್ಟಿನಷ್ಟು ಒಗ್ಗುವುದು ಬೇರೆ ಇಲ್ಲ.

ಕಾರಣ ಕೋವಿಯಲ್ಲೇ ಇದೆ. ನನ್ನದು 16 ಗೇಜಿನದು (ಗೇಜ್ ಅಂದರೆ ನಳಿಗೆಯ ಅಗಲದ ಅಳತೆ), ಎರಡನೇ ಮಹಾಯುದ್ಧಕ್ಕಿಂತ ಮುಂಚೆ ತಯಾರಾದದ್ದು. ಚೋಕ್ ಅಂದರೆ ಈಡು ಹೆಚ್ಚು ಹರಡದ ಹಾಗೆ ನಳಿಗೆಯ ಬಾಯಿಯನ್ನು ಕಿರಿದು ಮಾಡಿರುವುದು. ಬಲ ನಳಿಗೆ ಮಾಡಿಫೈಡ್ ಚೋಕ್ (ಮಧ್ಯಮ ಬಿಗಿ), ಎಡ ನಳಿಗೆ ಫುಲ್ (ಪೂರ್ತಿ ಬಿಗಿ). ಆ ಕಾಲದ ತೋಟಾದಲ್ಲಿ ಪ್ಲಾಸ್ಟಿಕ್ ಇರಲೇ ಇಲ್ಲ. ಮದ್ದಿನ ಮೇಲೆ ದಪ್ಪ ರಟ್ಟು, ಅದರ ಮೇಲೆ ಫೆಲ್ಟ್, ಅದರ ಮೇಲೆ ನೇರವಾಗಿ ಸೀಸದ ಚರೆ. ಈಡು ಹಾರಿದಾಗ ಅಂಚಿನ ಚರೆಗಳು ನಳಿಗೆಯ ಗೋಡೆಗೆ ಉಜ್ಜಿಕೊಂಡೇ ಹೊರಗೆ ಬರುತ್ತಿದ್ದವು. ಉಜ್ಜಿದ ಚರೆ ಒಂದು ಬದಿ ಚಪ್ಪಟೆಯಾಗುತ್ತದೆ, ಚಪ್ಪಟೆಯಾದದ್ದು ನೆಟ್ಟಗೆ ಹೋಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಕೋವಿ ಮಾಡುವವರು ಚೋಕನ್ನು ಬಿಗಿಯಾಗಿಯೇ ಇಡುತ್ತಿದ್ದರು.

1960ರ ದಶಕದಲ್ಲಿ ಒಂದೇ ತುಂಡಿನ ಪ್ಲಾಸ್ಟಿಕ್ ವಾಡ್ ಬಂತು. ಕೆಳಗೆ ಗಾಳಿ ಬಿಡದ ಬಟ್ಟಲು, ನಡುವೆ ಕುಗ್ಗುವ ಕಾಲು, ಮೇಲೆ ಚರೆ ಹಿಡಿಯುವ ನಾಲ್ಕು ಎಸಳಿನ ಲೋಟ. ಚರೆ ಗೋಡೆಗೆ ತಾಗುವುದೇ ಇಲ್ಲ, ದುಂಡಗೇ ಉಳಿಯುತ್ತದೆ, ಹರಡುವುದು ಕಡಿಮೆ. ದೂರದ ಹಕ್ಕಿಗೆ ಇದು ದೊಡ್ಡ ಲಾಭ. ಆದರೆ ಹಳೆ ಕೋವಿಯ ಬಿಗಿ ಚೋಕ್‌ನಲ್ಲಿ ಅದೇ ವಾಡ್ ಹಾಕಿದರೆ ಬಿಗಿಯ ಮೇಲೆ ಬಿಗಿ. ಗ್ರೌಸ್ ಏಳುವುದು ನಮ್ಮ ಕಾಲ ಬುಡದಲ್ಲಿ. ಎದ್ದ ಮೇಲೆ ಮರಗಳ ಸಂದಿಯಲ್ಲಿ ಒಂದು ಕ್ಷಣ ಕಾಣುತ್ತದೆ, 15-20 ಗಜದೊಳಗೆ ಹೊಡೆದರೆ ಹೊಡೆದೆವು, ಇಲ್ಲದಿದ್ದರೆ ಇಲ್ಲ. ಅಷ್ಟು ಹತ್ತಿರದಲ್ಲಿ ಬಿಗಿ ಈಡು ಒಂದೋ ಪೂರ್ತಿ ತಪ್ಪುತ್ತದೆ, ಇಲ್ಲವೇ ಹಕ್ಕಿಯನ್ನು ತಿನ್ನಲಾಗದ ಹಾಗೆ ಚಿಂದಿ ಮಾಡುತ್ತದೆ. ಗ್ರೌಸ್ ಮಾಂಸ ಬೆಳ್ಳಗೆ, ಬಹಳ ರುಚಿ. ಅದನ್ನು ಹಾಳು ಮಾಡುವುದಕ್ಕಿಂತ ಹೊಡೆಯದೇ ಇರುವುದು ಒಳ್ಳೆಯದು.

ಬಾಯಿಮಾತು ಬೇಡ ಅಂತ ಕಾಗದ ಕಟ್ಟಿ ನೋಡಿದೆ. ದೊಡ್ಡ ರಟ್ಟಿನ ಮೇಲೆ ಕಾಗದ, 20 ಗಜ ದೂರ, ಬಲ ನಳಿಗೆ, ಒಂದು ಔನ್ಸ್ ಏಳೂವರೆ ನಂಬರ್ ಚರೆ. ಒಂದು ಔನ್ಸಿಗೆ ಸುಮಾರು 350 ಚರೆ ಬರುತ್ತದೆ. ಪ್ಲಾಸ್ಟಿಕ್ ವಾಡ್ ಈಡಿನಲ್ಲಿ ನಡುವೆ ಊಟದ ತಟ್ಟೆಯಷ್ಟು ಜಾಗ ಜಾಲರಿಯಾಗಿತ್ತು, ಕಾಗದ ಅಲ್ಲಿ ಹರಿದೇ ಹೋಗಿತ್ತು. ಸುತ್ತ ಅಲ್ಲೊಂದು ಇಲ್ಲೊಂದು ತೂತು. ಫೆಲ್ಟ್ ಈಡಿನಲ್ಲಿ 30 ಇಂಚಿನ ವೃತ್ತದ ಹೆಚ್ಚಿನ ಭಾಗ ಸಮನಾಗಿ ತುಂಬಿತ್ತು, ನಡುವೆ ಸ್ವಲ್ಪ ಜಾಸ್ತಿ. ಅದೇ ಕೋವಿ, ಅದೇ ನಳಿಗೆ, ಅದೇ ಚರೆ. ಮತ್ತೆ ಮತ್ತೆ ಹೊಡೆದಾಗಲೂ ಚಿತ್ರ ಬದಲಾಗಲಿಲ್ಲ. ಕೋವಿಯ ಚೋಕನ್ನು ಕೊರೆಸಿ ಅಗಲ ಮಾಡಿಸುವ ಬದಲು ವಾಡ್ ಬದಲಿಸಿದರೆ ಸಾಕು ಅಂತ ನನಗೆ ಗ್ಯಾರಂಟಿಯಾಗಿದ್ದು ಆಗಲೇ. ಹಳೆ ನಳಿಗೆಯನ್ನು ಒಮ್ಮೆ ಕೊರೆದರೆ ಹಿಂದಕ್ಕೆ ತರುವ ದಾರಿ ಇಲ್ಲ.

ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಮನೆಯ ಮಂದಿಯ ಹಾಗೆ, ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ಬೇಟೆ ಇಲ್ಲ, ಅದು ಸರಿಯೂ ಹೌದು. ಆದರೆ ಕೇಪಿನ ಕೋವಿಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ ಜಡಿದು, ಮೇಲೆ ಚರೆ ಹಾಕುತ್ತಿದ್ದ ಕ್ರಮವನ್ನು ಹಿರಿಯರ ಬಾಯಿಂದ ಕೇಳುತ್ತಲೇ ಬೆಳೆದೆ. ಇಲ್ಲಿ ಫೆಲ್ಟ್ ಒತ್ತುವಾಗ ನಾನು ಮಾಡುವುದೂ ಅದೇ ಕೆಲಸ. ಮದ್ದಿನ ಒತ್ತಡ ಪಕ್ಕದಿಂದ ಸೋರದ ಹಾಗೆ ತಡೆಯಬೇಕು, ಚರೆಗೆ ಬೀಳುವ ಹೊಡೆತವನ್ನು ಮೆತ್ತಗೆ ಮಾಡಬೇಕು. ನಾರಾದರೂ ಅಷ್ಟೇ, ಫೆಲ್ಟ್ ಆದರೂ ಅಷ್ಟೇ.

ಇನ್ನು ಕಿರಿಕಿರಿಯ ವಿಷಯ. ಇದನ್ನು ಸರಿಯಾಗಿ ಹೇಳದೆ ಫೆಲ್ಟ್ ಹೊಗಳಿದರೆ ಓದಿದವರಿಗೆ ಮೋಸ ಮಾಡಿದ ಹಾಗೆ.

ಪ್ಲಾಸ್ಟಿಕ್ ವಾಡ್ ತುಂಬುವುದು ಸಲೀಸು. ಪ್ರೆಸ್ಸಿನ (ತೋಟಾ ತುಂಬುವ ಯಂತ್ರದ) ಬೆರಳುಗಳ ನಡುವೆ ಇಟ್ಟು ಹಿಡಿ ಎಳೆದರೆ ಕೇಸಿನೊಳಗೆ (ತೋಟಾದ ಖಾಲಿ ಕೊಳವೆಯೊಳಗೆ) ಜಾರಿ ಕೂರುತ್ತದೆ. ರಟ್ಟು ಹಾಗಲ್ಲ. ಮದ್ದಿನ ಮೇಲಿನ ರಟ್ಟು ಸುಮಾರು 3 ಮಿಲಿಮೀಟರ್ ದಪ್ಪದ ಗಟ್ಟಿ ಬಿಲ್ಲೆ. ಒಮ್ಮೆ ಹೊಡೆದ ಕೇಸಿನ ಬಾಯಿ, ಮೊದಲು ಮುಚ್ಚಿದ್ದ ಹಳೆ ಮಡಿಕೆಯ ನೆನಪಿನಲ್ಲಿ ಒಳಕ್ಕೆ ಬಾಗಿರುತ್ತದೆ. ಬಿಲ್ಲೆಯ ಒಂದು ಅಂಚು ಆ ಬಾಗಿಗೆ ಸಿಕ್ಕಿಕೊಳ್ಳುತ್ತದೆ, ಇನ್ನೊಂದು ಅಂಚು ಮುಂದೆ ಹೋಗುತ್ತದೆ. ಬಿಲ್ಲೆ ವಾಲುತ್ತದೆ. ಮೇಲಿಂದ ಫೆಲ್ಟ್ ಒತ್ತಿದರೆ ವಾಲಿದ ಹಾಗೇ ಕೂರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಾಯಿ ಚೆನ್ನಾಗಿ ಮುಚ್ಚಿರುತ್ತದೆ, ತೂಕ ಸರಿ ಇರುತ್ತದೆ.

ಹೊಡೆದಾಗ ಗೊತ್ತಾಗುತ್ತದೆ. ಢಂ ಅನ್ನುವ ಬದಲು ಪುಸ್ ಅಂತ ಒಂದು ಪೊಳ್ಳು ಸದ್ದು. ಒತ್ತಡ ಬಿಲ್ಲೆಯ ಪಕ್ಕದಿಂದ ಸೋರಿ ಮದ್ದು ಅರ್ಧಂಬರ್ಧ ಉರಿದಿರುತ್ತದೆ, ನಳಿಗೆಯಲ್ಲಿ ಉರಿಯದ ಹಳದಿ-ಬೂದು ಚಕ್ಕೆಗಳು ಬಿದ್ದಿರುತ್ತವೆ. ಹಕ್ಕಿ ಹೋದರೆ ಹೋಗಲಿ, ಅಪಾಯ ಬೇರೆ ಇದೆ. ವಾಡ್ ನಳಿಗೆಯ ನಡುವೆಯೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಈಡು ಹಾರಿಸಿದರೆ ನಳಿಗೆ ಒಡೆಯುತ್ತದೆ. ಪುಸ್ ಅಂದ ತಕ್ಷಣ ಕೋವಿ ತೆರೆದು, ಎರಡೂ ತೋಟಾ ತೆಗೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು ಬೆಳಕು ಕಾಣುತ್ತದಾ ಅಂತ ನೋಡಲೇಬೇಕು. ಎದುರಿಗೆ ಎರಡನೇ ಹಕ್ಕಿ ಎದ್ದರೂ ಸರಿ, ನೋಡದೆ ಮುಂದಿನ ಈಡು ಇಲ್ಲ.

ಈ ತೊಂದರೆ ನನಗೆ ಇದ್ದಕ್ಕಿದ್ದ ಹಾಗೆ ಜಾಸ್ತಿಯಾಗಿದ್ದು ಒಂದು ಖರೀದಿಯ ನಂತರ. ಒಬ್ಬ ಮಾರಾಟಗಾರರಿಂದ ಒಮ್ಮೆ ಹೊಡೆದ 16 ಗೇಜ್ ಕೇಸುಗಳ ಮೂಟೆ ತರಿಸಿದೆ. ಎಲ್ಲವೂ ನೇರ ಗೋಡೆಯವು ಅಂತ ಬರೆದಿತ್ತು. ಬಂದದ್ದು ಬೆರಕೆ. ಕೆಲವು ಕೇಸುಗಳ ಒಳಗೋಡೆ ಬುಡಕ್ಕೆ ಹೋಗುತ್ತಾ ದಪ್ಪವಾಗಿ, ಒಳಗಿನ ಜಾಗ ಕಿರಿದಾಗುತ್ತದೆ. ಪ್ಲಾಸ್ಟಿಕ್ ವಾಡಿನ ಅಂಚು ಮೆದು, ಅದು ಇಂಥ ಕೇಸಿಗೂ ಹೊಂದಿಕೊಳ್ಳುತ್ತದೆ. ರಟ್ಟು ಹೊಂದಿಕೊಳ್ಳುವುದಿಲ್ಲ. ಮೇಲೆ ಸರಿಯಾಗಿ ಹಿಡಿಸುವ ಬಿಲ್ಲೆ ಕೆಳಗೆ ಹೋಗುತ್ತಾ ಸಿಕ್ಕಿಕೊಂಡು ಬಟ್ಟಲಿನ ಹಾಗೆ ಬಾಗುತ್ತದೆ, ಇಲ್ಲವೇ ವಾಲುತ್ತದೆ. ಹೊರಗಿನ ಬಣ್ಣ ಒಂದೇ, ಹಿತ್ತಾಳೆ ತಳ ಒಂದೇ. ಟಾರ್ಚ್ ಹಾಕಿ ಒಂದೊಂದರ ಒಳಗೂ ನೋಡಿ, ಬೆರಳಿನಷ್ಟು ದಪ್ಪದ ಕೋಲು ಇಳಿಸಿ ನೋಡಿ ಬೇರೆ ಮಾಡಬೇಕಾಯಿತು. ದೂರು ಬರೆದೆ, ಉತ್ತರ ಬರಲಿಲ್ಲ.

ಈಗ ನನ್ನ ಕ್ರಮ ಹೀಗಿದೆ. ಚೆಡೈಟ್ ಅಥವಾ ಫಿಯೊಕ್ಕಿ ಕಂಪನಿಯ ನೇರ ಗೋಡೆಯ ಕೇಸು ಮಾತ್ರ. ತುಂಬುವ ಮೊದಲು ಚೂಪು ತುದಿಯ ಮರದ ಕೋಲನ್ನು ಬಾಯಿಗೆ ಒತ್ತಿ ತಿರುಗಿಸಿ ಹಳೆ ಮಡಿಕೆಯನ್ನು ಬಿಡಿಸುತ್ತೇನೆ. ಬಿಲ್ಲೆಯನ್ನು ಪ್ರೆಸ್ಸಿಗೆ ಕೊಡುವುದೇ ಇಲ್ಲ. ಕೈಯಿಂದಲೇ ಓರೆಯಾಗಿ ಬಾಯೊಳಗೆ ದಾಟಿಸುತ್ತೇನೆ. ಬಾಗು ದಾಟಿದ ಮೇಲೆ ಕೇಸಿನ ಒಳ ಅಳತೆಗೆ ಸರಿಯಾಗಿ ಕಡೆಸಿದ ಸಮತಟ್ಟು ತುದಿಯ ಮೇಪಲ್ ಕೋಲಿನಿಂದ ನಿಧಾನವಾಗಿ ಒತ್ತುತ್ತೇನೆ. ನಿಧಾನ ಯಾಕೆ ಅಂದರೆ ಕೆಳಗೆ ಸಿಕ್ಕಿದ ಗಾಳಿಗೆ ಹೊರಗೆ ಬರಲು ಸಮಯ ಬೇಕು, ಇಲ್ಲದಿದ್ದರೆ ಬಿಲ್ಲೆ ಮತ್ತೆ ಮೇಲೇಳುತ್ತದೆ. ಸರಿಯಾಗಿ ಕೂತಾಗ ಕೋಲು ಗಟ್ಟಿಯಾಗಿ ನಿಲ್ಲುತ್ತದೆ, ವಾಲಿದ್ದರೆ ಸ್ಪಂಜಿನಂತೆ ಸ್ವಲ್ಪ ಒಳಗೆ ಹೋಗುತ್ತದೆ. ಆ ವ್ಯತ್ಯಾಸ ಅಂಗೈಗೆ ಬೇಗ ಗೊತ್ತಾಗುತ್ತದೆ. ಆದರೂ ಪ್ರತಿಯೊಂದಕ್ಕೂ ಟಾರ್ಚ್ ಬಿಡುತ್ತೇನೆ. ಗೋಡೆಯ ಬದಿ ಅರ್ಧಚಂದ್ರದಂಥ ಸಂದಿ ಕಂಡರೆ ಅದನ್ನು ಬಿಚ್ಚಿ ಮತ್ತೆ ಶುರು. ಇಷ್ಟು ಮಾಡಲು ಶುರು ಮಾಡಿದ ಮೇಲೆ ಪುಸ್ ಅನ್ನುವ ಸದ್ದು ಕೇಳಿಲ್ಲ.

ಸಮಯ ಹಿಡಿಯುತ್ತದೆ, ಸುಳ್ಳಲ್ಲ. ಪ್ಲಾಸ್ಟಿಕ್‌ಗೆ ಹೋಲಿಸಿದರೆ ಒಂದು ಪೆಟ್ಟಿಗೆಗೆ ಮೂರು ಪಟ್ಟು ಹೊತ್ತು. ಮಿನ್ನೆಸೋಟಾದ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು, ನನಗೆ ಹೊತ್ತಿಗೆ ಕೊರತೆ ಇಲ್ಲ. ವಾರಕ್ಕೆ ನೂರಾರು ಮಣ್ಣಿನ ತಟ್ಟೆ (ಗುರಿ ಅಭ್ಯಾಸಕ್ಕೆ ಗಾಳಿಗೆ ಎಸೆಯುವವು) ಹೊಡೆಯುವವರಿಗೆ ಇದು ಆಗದ ಮಾತು. ಅವರು ಕಣ್ಣು ಮುಚ್ಚಿ ಪ್ಲಾಸ್ಟಿಕ್ ತೆಗೆದುಕೊಳ್ಳಲಿ.

ಕೇಸಿನೊಳಗೆ ತುಂಬಿದ್ದರ ಎತ್ತರ ಹೊಂದಿಸುವುದು ಸಣ್ಣ ಕೆಲಸ. ಬಾಯಿಯ ಮಡಿಕೆ ಒಳಗೆ ಗುಳಿ ಬಿದ್ದರೆ ಚರೆಯ ಕೆಳಗೆ ಒಂದು ತೆಳು ರಟ್ಟು, ಉಬ್ಬಿದರೆ ಸ್ವಲ್ಪ ತೆಳು ಫೆಲ್ಟ್. ಎತ್ತರಕ್ಕಾಗಿ ಮದ್ದನ್ನು ಮಾತ್ರ ಮುಟ್ಟಬಾರದು. ಇನ್ನೊಂದು ಮಾತು: ಪ್ಲಾಸ್ಟಿಕ್ ವಾಡಿಗೆ ಮದ್ದು ತಯಾರಕರು ಕೊಟ್ಟ ಅಳತೆ ಫೆಲ್ಟಿಗೆ ನಡೆಯುವುದಿಲ್ಲ, ಫೆಲ್ಟಿನದು ಪ್ಲಾಸ್ಟಿಕ್‌ಗೆ ಮೊದಲೇ ನಡೆಯುವುದಿಲ್ಲ. ಪ್ಲಾಸ್ಟಿಕ್ ಹೆಚ್ಚು ಬಿಗಿಯಾಗಿ ಮುಚ್ಚುತ್ತದೆ, ಒತ್ತಡ ಏರುತ್ತದೆ. ಕೇಸು, ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ತಳದ ಕೇಪು), ವಾಡ್, ಮದ್ದು, ಚರೆ ಐದೂ ಪ್ರಕಟವಾದ ಪಟ್ಟಿಯಲ್ಲಿ ಇದ್ದ ಹಾಗೇ ಇರಬೇಕು. 16 ಗೇಜಿಗೆ ಫೆಲ್ಟಿನ ಪಟ್ಟಿಗಳು ಕಡಿಮೆ. ಸಿಕ್ಕಿದ್ದರಲ್ಲಿ ಒಂದನ್ನು ಹಿಡಿದು ಅದರಲ್ಲೇ ಇರುವುದು ವಾಸಿ. ಹಳೆ ಅಮೆರಿಕನ್ 16 ಗೇಜ್ ಕೋವಿಗಳಲ್ಲಿ ಎಷ್ಟೋ ಈಗಿನ 70 ಮಿಲಿಮೀಟರ್ ತೋಟಾಕ್ಕಿಂತ ಗಿಡ್ಡ ಚೇಂಬರಿನವು (ತೋಟಾ ಕೂರುವ ಗೂಡಿನವು). ಗನ್‌ಸ್ಮಿತ್ ಹತ್ತಿರ ಅಳೆಸದೆ ಏನೂ ತುಂಬಬೇಡಿ.

ಅಂಗಡಿಯ ಫೈಬರ್ ವಾಡ್ ತೋಟಾ ಹೇಗೆ? ಚೆನ್ನಾಗಿದೆ. ಕಾಗದದ ಮೇಲೆ ನನ್ನದಕ್ಕೂ ಅದಕ್ಕೂ ಹೆಚ್ಚು ಫರಕು ಕಾಣಲಿಲ್ಲ. ಬ್ರಿಟನ್ನಿನಲ್ಲಿ ಹೊಲ-ಗೋಮಾಳಗಳಲ್ಲಿ ಪ್ಲಾಸ್ಟಿಕ್ ಬೀಳಬಾರದು ಅಂತ ಎಷ್ಟೋ ಕಡೆ ಫೈಬರ್ ವಾಡ್ ಮಾತ್ರ ಒಪ್ಪುತ್ತಾರೆ, ಅಲ್ಲಿ ಇದು ಮಾಮೂಲಿ ಸರಕು. ಇಲ್ಲಿ 16 ಗೇಜಿನಲ್ಲಿ ಹುಡುಕಬೇಕು. ನಾನು ತಂದ 25ರ ಪೆಟ್ಟಿಗೆಗೆ 20 ಡಾಲರ್ ದಾಟಿತು. ವರ್ಷಕ್ಕೆ ಎರಡೇ ಪೆಟ್ಟಿಗೆ ಹೊಡೆಯುವವರು ಪ್ರೆಸ್ಸು ಕೊಳ್ಳುವ ಬದಲು ಇದನ್ನೇ ತರಲಿ.

ಹಿತ್ತಾಳೆ ಕೇಸು ನೋಡಲು ಸುಂದರ, ಗೋಡೆ ತೆಳು, ಗೇಜಿಗಿಂತ ದೊಡ್ಡ ಅಳತೆಯ ವಾಡ್ ಬೇಕು. ನನಗೆ ಅಷ್ಟು ರಗಳೆ ಬೇಡ.

ಫೆಲ್ಟಿನ ವಿರುದ್ಧ ಹೇಳಬೇಕಾದ್ದು ಇನ್ನೂ ಇದೆ. ಉಕ್ಕಿನ ಚರೆಗೆ ಇದು ಖಂಡಿತ ಆಗದು. ಲೋಟವಿಲ್ಲದೆ ಉಕ್ಕು ನಳಿಗೆಯನ್ನು ಗೀರಿ ಹಾಕುತ್ತದೆ. ಅಮೆರಿಕದಲ್ಲಿ ನೀರುಹಕ್ಕಿಗೆ 1991ರಿಂದ ಸೀಸ ನಿಷೇಧ. ಕೇಂದ್ರ ಸರ್ಕಾರದ ನೀರುಹಕ್ಕಿ ತಾಣಗಳಲ್ಲಿ ಫೆಸೆಂಟ್ ಎಂಬ ಹೊಲದ ಹಕ್ಕಿ ಹೊಡೆಯಲೂ ಸೀಸ ಒಯ್ಯುವ ಹಾಗಿಲ್ಲ. ಅಂಥ ಕಡೆ ಹಳೆ ಕೋವಿಗೆ ಉಳಿಯುವುದು ಬಿಸ್ಮತ್ ಲೋಹದ ಚರೆ, ಅದು ದುಬಾರಿ. ಸೀಸ ನೇರವಾಗಿ ಉಜ್ಜುವುದರಿಂದ ನಳಿಗೆಯೊಳಗೆ ಸೀಸದ ಲೇಪ ಕೂರುತ್ತದೆ, ಕಂಚಿನ ಬ್ರಷ್ ಹಾಕಿ ತಿಕ್ಕಬೇಕು. ಫೆಲ್ಟ್ ತೇವ ಹೀರುತ್ತದೆ, ಗ್ಯಾರೇಜಿನಲ್ಲಿ ಬಿಟ್ಟರೆ ಊದಿ ಕೇಸಿಗೆ ಇಳಿಯುವುದಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಮನೆಯೊಳಗೆ ಇಡಿ.

ಕಾಡಿನಲ್ಲಿ ಬೀಳುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಜನ ಹೆಚ್ಚು ಓಡಾಡುವ ಬೇಟೆ ದಾರಿಗಳಲ್ಲಿ ಹಿಮ ಕರಗಿದ ಮೇಲೆ ಬಿಳಿ, ಹಸಿರು ಪ್ಲಾಸ್ಟಿಕ್ ಎಸಳುಗಳು ಎದ್ದು ಕಾಣುತ್ತವೆ. ಖಾಲಿ ಕೇಸನ್ನು ಜೇಬಿಗೆ ಹಾಕಿಕೊಳ್ಳಬಹುದು, ಪೊದೆಯೊಳಗೆ ಹಾರಿಹೋದ ವಾಡನ್ನು ಯಾರು ಹುಡುಕುತ್ತಾರೆ? ಫೆಲ್ಟ್ ಮತ್ತು ರಟ್ಟು ಮಳೆಗೆ ನೆನೆದು ಎಲೆಗಳ ಜೊತೆ ಮಣ್ಣಾಗುತ್ತವೆ. ಸಾರ್ವಜನಿಕ ಕಾಡಿನಲ್ಲಿ ಬೇಟೆಯಾಡುವವರು ಇಷ್ಟಾದರೂ ಯೋಚಿಸಬೇಕು ಅಲ್ವಾ?

ಖರ್ಚಿನಲ್ಲಿ ಪ್ಲಾಸ್ಟಿಕ್ ಸ್ವಲ್ಪ ಅಗ್ಗ, ಆದರೆ ನಿಜವಾದ ಖರ್ಚು ಪ್ರೈಮರ್ ಮತ್ತು ಸೀಸದಲ್ಲಿ. ವಾಡಿನಲ್ಲಿ ಉಳಿಸಿದ ಪುಡಿಗಾಸು ಲೆಕ್ಕಕ್ಕೇ ಬರುವುದಿಲ್ಲ.

ನನ್ನ ಕಪಾಟಿನಲ್ಲಿ ಒಂದು ಚೀಲ ಪ್ಲಾಸ್ಟಿಕ್ ವಾಡ್ ಈಗಲೂ ಇದೆ. ಅಕ್ಟೋಬರ್ ಕೊನೆಗೆ ದಕ್ಷಿಣ ಡಕೋಟಾದ ಮೆಕ್ಕೆಜೋಳದ ಹೊಲಗಳಿಗೆ ಫೆಸೆಂಟ್ ಬೇಟೆಗೆ ಹೋಗುವಾಗ ಎಡ ನಳಿಗೆಗೆ ಅದನ್ನೇ ತುಂಬುತ್ತೇನೆ. ಅಲ್ಲಿ ಹುಂಜ 35-40 ಗಜದಾಚೆ ಏಳುತ್ತದೆ, ಮೈ ಗಟ್ಟಿ, ಬಿಗಿ ಈಡೇ ಬೇಕು. ಗ್ರೌಸ್ ಕಾಡಿಗೆ ಹೋಗುವ ಜೇಬಿನಲ್ಲಿ ಮಾತ್ರ ಎರಡನ್ನೂ ಬೆರೆಸುವುದಿಲ್ಲ. ಫೆಲ್ಟ್ ತುಂಬಿದ ತೋಟಾಗಳ ಬಾಯಿಗೆ ಕೆಂಪು ಮಾರ್ಕರ್ ಗೆರೆ ಎಳೆದಿಡುತ್ತೇನೆ.