ವಾಂತಿ ನಿಂತಿತು ಅಂತ ಸುಮ್ಮನಿರಬೇಡಿ: ಲಿಲ್ಲಿ ಹೂವು ಮತ್ತು ಬೆಕ್ಕು

ಲಿಲ್ಲಿ ಬೊಕೆಯಿಂದ ಬೆಕ್ಕು ಸತ್ತ ಮನೆಗಳ ಕಥೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಸಂಜೆ ಹೂಗಳನ್ನು ಹೂದಾನಿಯಲ್ಲಿ ಜೋಡಿಸಿಡುತ್ತಾರೆ. ರಾತ್ರಿ ಬೆಕ್ಕು ಮೇಜು ಹತ್ತಿ ಮೂಸುತ್ತದೆ, ಎಲೆಯ ತುದಿಯನ್ನು ಒಂದಿಷ್ಟು ಜಗಿಯುತ್ತದೆ. ಬೆಳಗಾಗುವಷ್ಟರಲ್ಲಿ ಎರಡು ಮೂರು ಸಲ ವಾಂತಿ, ಬಾಯಲ್ಲಿ ಜೊಲ್ಲು, ಊಟ ಬೇಡ. ಹುಲ್ಲು ತಿಂದು ಕಕ್ಕುವುದು, ಕೂದಲುಂಡೆ ಕಕ್ಕುವುದು ಬೆಕ್ಕಿನ ಮಾಮೂಲಿ ಚಾಳಿ ತಾನೇ ಎಂದು ಮನೆಯವರು ಸುಮ್ಮನಾಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ವಾಂತಿ ನಿಲ್ಲುತ್ತದೆ. ಸದ್ಯ, ಸುಧಾರಿಸಿತು ಅನ್ನಿಸುತ್ತದೆ.

ಸುಧಾರಿಸಿರುವುದಿಲ್ಲ. ಕಿಡ್ನಿ ಕೆಡುತ್ತಿರುವುದೇ ಆ ಹೊತ್ತಿನಲ್ಲಿ. ತಿಂದ 12ರಿಂದ 24 ಗಂಟೆಯೊಳಗೆ ಬೆಕ್ಕು ಪದೇಪದೇ ಉಚ್ಚೆ ಹೊಯ್ದು ಮೈಯ ನೀರೆಲ್ಲ ಬಸಿದುಹೋಗುತ್ತದೆ. 24ರಿಂದ 72 ಗಂಟೆಯ ನಡುವೆ ಉಚ್ಚೆಯೇ ನಿಂತುಹೋಗಬಹುದು, ವಾಂತಿ ಮರುಕಳಿಸುತ್ತದೆ. ಚಿಕಿತ್ಸೆ ಇಲ್ಲದಿದ್ದರೆ 3ರಿಂದ 7 ದಿನದೊಳಗೆ ಸಾವು. ಉಚ್ಚೆ ನಿಂತ ಮೇಲೆ ಕರೆತಂದರೆ ಉಳಿಯುವ ದಾರಿ ಡಯಾಲಿಸಿಸ್ ಒಂದೇ, ಬೆಕ್ಕಿಗೆ ಅದನ್ನು ಮಾಡುವ ಕಡೆಗಳೋ ಬಹಳ ಕಡಿಮೆ.

ಎಷ್ಟು ತಿಂದರೆ ಅಪಾಯ ಎಂದು ಎಲ್ಲರೂ ಕೇಳುತ್ತಾರೆ. ಒಂದೆರಡು ಎಲೆ, ಒಂದು ಎಸಳು ಸಾಕು. ತಿನ್ನಲೇಬೇಕೆಂದೂ ಇಲ್ಲ: ಪರಾಗ ತುಪ್ಪಳಕ್ಕೆ ಅಂಟಿ, ಮೈ ನೆಕ್ಕಿಕೊಳ್ಳುವಾಗ ಹೊಟ್ಟೆ ಸೇರಿದರೂ ಅಷ್ಟೇ, ಹೂದಾನಿಯ ನೀರು ಕುಡಿದರೂ ಅಷ್ಟೇ. ಕೇಸರದ ತುದಿ ಕತ್ತರಿಸಿದರೆ ಸಾಕು ಎನ್ನುವ ಸಲಹೆಯನ್ನು ನಂಬಬೇಡಿ, ಎಲೆ, ಕಾಂಡ, ಗೆಡ್ಡೆ ಎಲ್ಲವೂ ವಿಷವೇ. ಈ ವಿಷ ಯಾವ ವಸ್ತುವೆಂದು ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ, ಪ್ರತಿವಿಷವೂ ಇಲ್ಲ. ನಾಯಿಗೆ ಇದರಿಂದ ಹೊಟ್ಟೆ ಕೆಡುತ್ತದೆ, ಅಷ್ಟೇ. ಹಾಗಾಗಿ ‘ನಮ್ಮ ನಾಯಿ ತಿಂದು ಆರಾಮಾಗಿದೆ’ ಎನ್ನುವ ಮಾತನ್ನು ಬೆಕ್ಕಿನ ವಿಷಯದಲ್ಲಿ ಕಿವಿಗೆ ಹಾಕಿಕೊಳ್ಳಲೇಬೇಡಿ.

ಹೆಸರಿನ ಗೊಂದಲ ಬೇರೆ. ಕಿಡ್ನಿ ಕೆಡಿಸುವವು ಲಿಲಿಯಮ್ ಜಾತಿಯವು (ಏಷ್ಯಾಟಿಕ್, ಓರಿಯಂಟಲ್, ಈಸ್ಟರ್, ಟೈಗರ್) ಮತ್ತು ಡೇ ಲಿಲ್ಲಿ. ಪೀಸ್ ಲಿಲ್ಲಿ, ಕ್ಯಾಲಾ ಲಿಲ್ಲಿಗಳಿಗೂ ಇವಕ್ಕೂ ಸಂಬಂಧವಿಲ್ಲ. ಅವು ಮನಿ ಪ್ಲಾಂಟ್, ಡೈಫೆನ್‌ಬಾಕಿಯಾ, ಫಿಲೊಡೆಂಡ್ರಾನ್ ಗುಂಪಿನವು. ಕಚ್ಚಿದ ಕ್ಷಣವೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ನಾಲಗೆ, ಗಂಟಲಿಗೆ ಚುಚ್ಚಿ ಬಾಯಿ ಉರಿಯುತ್ತದೆ, ಬೆಕ್ಕು ಸಾಮಾನ್ಯವಾಗಿ ತಾನೇ ಬಿಟ್ಟುಬಿಡುತ್ತದೆ. ಬಾಯಿ ಊದಿ ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಓಡಬೇಕು. ಲಿಲ್ಲಿಯಲ್ಲಿ ಈ ಉರಿ ಇಲ್ಲ, ತಡೆಯುವ ಯಾವುದೂ ಇಲ್ಲ.

ಬೆಕ್ಕು ಲಿಲ್ಲಿ ಮುಟ್ಟಿದ್ದು ಕಂಡರೆ, ಅಥವಾ ಮೂಗು, ಮೀಸೆಯ ಮೇಲೆ ಹಳದಿ, ಕಂದು ಪುಡಿ ಕಂಡರೆ, ಲಕ್ಷಣಕ್ಕಾಗಿ ಕಾಯಬೇಡಿ. ಮೊದಲು ವೈದ್ಯರಿಗೆ ಫೋನ್ ಮಾಡಿ. ಬೆಕ್ಕು ನೆಕ್ಕಿಕೊಳ್ಳದಂತೆ ಟವೆಲಿನಲ್ಲಿ ಸುತ್ತಿ ಹಿಡಿದು, ಒದ್ದೆ ಬಟ್ಟೆಯಿಂದ ಪುಡಿ ಒರೆಸಿ. ಒಣ ಬ್ರಷ್ ಹಾಕಿದರೆ ಪುಡಿ ಇನ್ನಷ್ಟು ಹರಡುತ್ತದೆ. ಉಪ್ಪುನೀರು, ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮೊದಲನೆಯದರಿಂದ ರಕ್ತದಲ್ಲಿ ಸೋಡಿಯಂ ಏರುತ್ತದೆ, ಎರಡನೆಯದರಿಂದ ಬೆಕ್ಕಿನ ಹೊಟ್ಟೆಯ ಒಳಪದರ ಸುಟ್ಟು ರಕ್ತಸ್ರಾವವಾಗುತ್ತದೆ. ಗಿಡದ ತುಂಡನ್ನೋ ಫೋಟೋವನ್ನೋ ಜೊತೆಗೆ ಒಯ್ಯಿರಿ, ಎಷ್ಟು ಹೊತ್ತಿಗೆ ತಿಂದಿರಬಹುದೆಂದು ಬರೆದಿಟ್ಟುಕೊಳ್ಳಿ.

ಹೊತ್ತು ಯಾಕೆ ಮುಖ್ಯ ಅಂದರೆ, ಚಿಕಿತ್ಸೆಯ ಜೀವಾಳ ನರಕ್ಕೆ ಕೊಡುವ ಡ್ರಿಪ್. ತಿಂದ 18 ಗಂಟೆಯೊಳಗೆ ಶುರುವಾಗಿ 48ರಿಂದ 72 ಗಂಟೆ ನಡೆದರೆ ಬಹುತೇಕ ಬೆಕ್ಕುಗಳು ಉಳಿಯುತ್ತವೆ. ಅದಕ್ಕಿಂತ ತಡವಾದಷ್ಟೂ ಆಸೆ ಕಡಿಮೆ. ಮೊದಲ ದಿನ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ) ಸರಿಯಿದೆ ಎಂದು ಬಂದರೆ ಮನೆಗೆ ಕರೆದುಕೊಂಡು ಹೋಗಬೇಡಿ. ಅದು ಏರಲು ಹೊತ್ತು ಹಿಡಿಯುತ್ತದೆ, ಮೂತ್ರಪರೀಕ್ಷೆಯಲ್ಲಿ ಹಾನಿ ಅದಕ್ಕಿಂತ ಬೇಗ ಕಾಣುತ್ತದೆ. 24 ಮತ್ತು 48 ಗಂಟೆಗೆ ಮತ್ತೆ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ.

ಇನ್ನೂ ಒಂದೆರಡು ಗಿಡಗಳನ್ನು ಮನೆಯೊಳಗೆ ತರಲೇಬೇಡಿ. ಸಾಗೊ ಪಾಮ್ ಹೆಸರಿಗಷ್ಟೇ ಪಾಮ್, ಅದರಲ್ಲಿರುವ ಸೈಕಾಸಿನ್ ಎಂಬ ವಿಷ ಲಿವರನ್ನು ಕೊಲ್ಲುತ್ತದೆ, ಬೀಜದಲ್ಲಿ ವಿಷ ಎಲ್ಲಕ್ಕಿಂತ ಹೆಚ್ಚು. ಕಣಗಿಲೆ, ಅಡೀನಿಯಂ, ಕಲಾಂಚೊ ಹೃದಯದ ಬಡಿತವನ್ನೇ ತಪ್ಪಿಸುತ್ತವೆ. ಕುಂಡವನ್ನು ಎತ್ತರಕ್ಕೆ ತೂಗುಹಾಕುವುದು ಪರಿಹಾರವಲ್ಲ: ಒಣಗಿದ ಎಲೆ ಕೆಳಗೇ ಬೀಳುತ್ತದೆ, ಬೆಕ್ಕಂತೂ ಎಲ್ಲಿ ಬೇಕಾದರೂ ಹಾರುತ್ತದೆ. ಹಸಿರು ಬೇಕೇ ಬೇಕು ಅಂದರೆ ಸ್ಪೈಡರ್ ಪ್ಲಾಂಟ್, ಬಾಸ್ಟನ್ ಫರ್ನ್, ಅರೆಕಾ ಪಾಮ್, ಕಲಾಥಿಯಾ ಇಡಿ. ಜಗಿಯುವ ಚಪಲಕ್ಕೆ ಗೋಧಿಕಾಳು ಮೊಳಕೆ ಹಾಕಿ ಒಂದು ಬಟ್ಟಲಲ್ಲಿ ಬೆಳೆಸಿಕೊಡಿ.

ಬೊಕೆ ಬಂದಾಗ ಅರಳಿದ ಹೂವನ್ನಷ್ಟೇ ನೋಡಬೇಡಿ. ಲಿಲ್ಲಿ ಬರುವುದು ಸಾಮಾನ್ಯವಾಗಿ ಮೊಗ್ಗಾಗಿ, ಉದ್ದನೆಯ ಹಸಿರು ಬೆರಳಿನ ಹಾಗೆ ಸೊಪ್ಪಿನ ನಡುವೆ ಅಡಗಿರುತ್ತದೆ. ಎರಡು ಮೂರು ದಿನ ಕಳೆದು, ನೀವು ಬೊಕೆಯನ್ನು ಮರೆತಾಗ ಅರಳುತ್ತದೆ.